ಮುಂದೆ ನಡೆಯುವವನು, ಹಿಂದೆ ಕೂರುವವನು

ನಮ್ಮ ಕಡೆ ಹೋಂಸ್ಟೇ ಜಾಸ್ತಿಯಾದ ಮೇಲೆ ನನಗೆ ಸಂಬಳವಿಲ್ಲದ ಒಂದು ಕೆಲಸ ಗಂಟುಬಿದ್ದಿದೆ. ಇಂಗ್ಲಿಷ್ ಬರೆದುಕೊಡುವ ಕೆಲಸ. ಕೊಡಗಿನ ನಾಪೋಕ್ಲು ಸುತ್ತಮುತ್ತ ಯಾರಾದರೂ ಹಳೇ ಮನೆಯ ಎರಡು ಕೋಣೆಗೆ ಸುಣ್ಣ ಬಣ್ಣ ಮಾಡಿಸಿ ಅತಿಥಿಗಳಿಗೆ ಬಿಟ್ಟರು ಅಂದರೆ ಸ್ವಲ್ಪ ದಿನದಲ್ಲೇ ನನಗೆ ಫೋನ್ ಬರುತ್ತದೆ. "ಸಾರ್, ವೆಬ್‌ಸೈಟಿಗೆ ಹಾಕೋಕೆ ಸುಮ್ನೆ ಒಂದು ಹತ್ತು ಸಾಲು ಇಂಗ್ಲಿಷಲ್ಲಿ ಬರ್ಕೊಡಿ." ಆ ಹತ್ತು ಸಾಲಿನಲ್ಲಿ ಕಾಫಿ ತೋಟ ಬರಬೇಕು, ಪಂದಿಕರಿ ಬರಬೇಕು, ಮಂಜು ಬರಬೇಕು. ಜೊತೆಗೆ ಇನ್ನೊಂದು ವಾಕ್ಯ ಎಲ್ಲರದ್ದೂ ಇದ್ದೇ ಇರುತ್ತದೆ: ನಮ್ಮ ಹುಡುಗ ನಿಮ್ಮನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾನೆ.

ಕಾಫಿ, ಕರಿ, ಮಂಜಿನ ಮಟ್ಟಿಗೆ ತೊಂದರೆಯಿಲ್ಲ. ಈ "ಕರೆದುಕೊಂಡು ಹೋಗುತ್ತಾನೆ" ಬಂದಾಗ ಕೈ ನಿಲ್ಲುತ್ತದೆ. ಹುಡುಗ ಗೈಡ್ ಮಾಡುತ್ತಾನಾ? ಲೀಡ್ ಮಾಡುತ್ತಾನಾ? ಎಸ್ಕಾರ್ಟ್ ಮಾಡುತ್ತಾನಾ? ನಿಘಂಟು ತೆಗೆದರೆ ಗೈಡ್, ಲೀಡ್, ಸ್ಟಿಯರ್, ಪೈಲಟ್, ಡೈರೆಕ್ಟ್, ಕಂಡಕ್ಟ್ ಎಲ್ಲ ಒಂದೇ ಸಾಲಿನಲ್ಲಿರುತ್ತವೆ. ಒಂದರ ಅರ್ಥ ಕೇಳಿದರೆ ಪಕ್ಕದ್ದನ್ನು ತೋರಿಸುತ್ತದೆ. ಪಕ್ಕದ್ದನ್ನು ಕೇಳಿದರೆ ಮತ್ತೆ ಮೊದಲನೆಯದಕ್ಕೇ ವಾಪಸು ಕಳಿಸುತ್ತದೆ. ಸರ್ಕಾರಿ ಕಚೇರಿಯಲ್ಲಿ ಒಂದು ಟೇಬಲ್‌ನಿಂದ ಇನ್ನೊಂದು ಟೇಬಲ್‌ಗೆ ಅಲೆಸಿದ ಹಾಗೆ.

ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ ನನಗೊಂದು ಉಪಾಯ ಹೊಳೆದಿದೆ. ಈ ಪದಗಳ ವ್ಯತ್ಯಾಸವನ್ನು ಅರ್ಥದಲ್ಲಿ ಹುಡುಕಬಾರದು, ಜಾಗದಲ್ಲಿ ಹುಡುಕಬೇಕು. ಆ ಕೆಲಸ ಮಾಡುವವನು ಎಲ್ಲಿದ್ದಾನೆ? ಮುಂದಿದ್ದಾನಾ, ಪಕ್ಕದಲ್ಲಿದ್ದಾನಾ, ಹಿಂದಿದ್ದಾನಾ, ಅಥವಾ ಕಣ್ಣಿಗೇ ಬೀಳುವುದಿಲ್ಲವಾ? ಇದು ಗೊತ್ತಾದ ಮೇಲೆ ಇನ್ನೊಂದು ಪ್ರಶ್ನೆ: "ನಾನು ಬರಲ್ಲ" ಅನ್ನುವ ಸ್ವಾತಂತ್ರ್ಯ ಬರುವವನಿಗೆ ಇದೆಯಾ? ಈ ಎರಡು ಕೇಳಿಕೊಂಡರೆ ಹೆಚ್ಚಿನ ಸಲ ಪದ ತಾನಾಗಿ ಬರುತ್ತದೆ.

ಗೈಡ್‌ನಿಂದಲೇ ಶುರು ಮಾಡುತ್ತೇನೆ. ಇದು ನಮಗೆಲ್ಲ ಗೊತ್ತಿರುವ ಪದ, ಹಾಗಾಗಿ ಇದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಕಕ್ಕಬ್ಬೆ ಹತ್ತಿರ ನಾಲ್ಕುನಾಡು ಅರಮನೆ ಕಡೆಯಿಂದ ತಡಿಯಂಡಮೋಳ್ ಹತ್ತುತ್ತಾರಲ್ಲ, ಕೊಡಗಿನ ಅತಿ ಎತ್ತರದ ಬೆಟ್ಟ ಅದು, 1,748 ಮೀಟರ್. ಅಂಥ ದಾರಿಯಲ್ಲಿ ಗೈಡ್ ಹುಡುಗನನ್ನು ಗಮನಿಸಿ ನೋಡಿ. ಅವನು ಮುಂದೆ ಇರುವುದೇ ಕಡಿಮೆ. ಉತ್ಸಾಹದ ಹುಡುಗರು ಮುಂದೆ ಓಡಿರುತ್ತಾರೆ. ಗೈಡ್ ಎಲ್ಲರಿಗಿಂತ ಹಿಂದೆ, ಮಂಡಿ ನೋವಿನ ಆಂಟಿ ಜೊತೆ ನಡೆಯುತ್ತಾ, ಕವಲು ಬಂದ ಕಡೆ ಅಲ್ಲಿಂದಲೇ "ಎಡಕ್ಕೆ, ಎಡಕ್ಕೆ ಹೋಗಿ" ಅಂತ ಕೂಗುತ್ತಾನೆ. ಮಧ್ಯೆ ಯಾರದ್ದೋ ಕಾಲಿಗೆ ಜಿಗಣೆ ಹತ್ತಿದರೆ ಉಪ್ಪು ಹಾಕುತ್ತಾನೆ. ಅವನು ಗೈಡ್ ಆಗಿರುವುದು ಮುಂದೆ ಇರುವುದರಿಂದಲ್ಲ, ದಾರಿ ಗೊತ್ತಿರುವುದರಿಂದ. ಪದದ ಹುಟ್ಟಿನಲ್ಲೂ ಇದು ಇದೆ. ಗೈಡ್ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು, ಫ್ರೆಂಚಿಗೆ ಹಳೇ ಜರ್ಮ್ಯಾನಿಕ್ ಮಾತಿನಿಂದ ಬಂದದ್ದು. ಇಂಗ್ಲಿಷಿನ ವಿಟ್, ವೈಸ್ ಇವೆಯಲ್ಲ, ಜಾಣತನ, ತಿಳಿವಳಿಕೆ ಅನ್ನುವ ಅರ್ಥದವು, ಅವುಗಳದ್ದೂ ಅದೇ ಬೇರು. ಗೈಡ್ ಅಂದರೆ ಬಲ್ಲವನು, ಅಷ್ಟೇ.

ಅದಕ್ಕೇ ಗೈಡ್ ಆಗಲು ಜೀವ ಇರಬೇಕು ಅಂತಲೂ ಇಲ್ಲ. ಪಿಯುಸಿ ಮಕ್ಕಳು ಪರೀಕ್ಷೆ ಹಿಂದಿನ ರಾತ್ರಿ ಓದುವ ಪುಸ್ತಕವೂ ಗೈಡ್. ನಕ್ಷೆಯೂ ಗೈಡ್, ನಕ್ಷತ್ರವೂ ಗೈಡ್. ಬಲ್ಲದ್ದನ್ನು ಹೇಳುತ್ತದೆ, ಕೇಳುವುದು ಬಿಡುವುದು ನಿಮಗೆ ಸೇರಿದ್ದು. ನಡೆಯುವ ಕಾಲು ನಿಮ್ಮದು. ಬೆಟ್ಟದ ಅರ್ಧಕ್ಕೆ ಹೋಗಿ "ಸಾಕಪ್ಪಾ, ನಾನು ಇಲ್ಲೇ ಕೂತಿರ್ತೀನಿ" ಅಂದರೆ ಗೈಡ್ ಏನೂ ಮಾಡುವಂತಿಲ್ಲ. ಪಿಎಚ್‌ಡಿ ಮಾಡುವವರು ನಮ್ಮಲ್ಲಿ "ನನ್ನ ಗೈಡ್" ಅನ್ನುತ್ತಾರೆ. ಅದೇ ಮನುಷ್ಯನನ್ನು ಇಂಗ್ಲೆಂಡಿನಲ್ಲಿ ಸೂಪರ್‌ವೈಸರ್ ಅನ್ನುತ್ತಾರೆ, ಅಂದರೆ ಮೇಲಿಂದ ನೋಡುವವನು. ಜಾಗ ಬದಲಾಯಿತು ನೋಡಿ, ಪಕ್ಕದಲ್ಲಿದ್ದವನು ಮೇಲೆ ಹೋದ. ನಮ್ಮ ಸಂಶೋಧನಾ ವಿದ್ಯಾರ್ಥಿಗಳ ಕಷ್ಟ ಕೇಳಿದವರಿಗೆ ಇಂಗ್ಲೆಂಡಿನ ಪದವೇ ಹೆಚ್ಚು ಪ್ರಾಮಾಣಿಕ ಅನ್ನಿಸಬಹುದು.

ಇಲ್ಲೊಂದು ತಮಾಷೆಯನ್ನೂ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಜಾಗ ಮಾರುವಾಗ, ಕೊಳ್ಳುವಾಗ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ "ಗೈಡೆನ್ಸ್ ವ್ಯಾಲ್ಯೂ" ಅಂತ ಒಂದಿರುತ್ತದೆ. ಹೆಸರು ಕೇಳಿದರೆ ಬರೀ ದಾರಿ ತೋರಿಸುವ ಬೆಲೆ, ಸಲಹೆ ಅಂದುಕೊಳ್ಳಬೇಕು. ಆದರೆ ನೀವು ಅದಕ್ಕಿಂತ ಕಡಿಮೆ ಬೆಲೆಗೆ ಕೊಂಡಿದ್ದರೂ ಮುದ್ರಾಂಕ ಶುಲ್ಕ ಕಟ್ಟಬೇಕಾದ್ದು ಗೈಡೆನ್ಸ್ ವ್ಯಾಲ್ಯೂ ಲೆಕ್ಕದಲ್ಲೇ. ಜಾಸ್ತಿ ಬೆಲೆಗೆ ಕೊಂಡಿದ್ದರೆ ಆ ಜಾಸ್ತಿ ಬೆಲೆಯ ಮೇಲೆ. "ಬೇಡ" ಅನ್ನೋಕೆ ಆಗದ ಗೈಡೆನ್ಸ್ ಇದೊಂದೇ ಇರಬೇಕು.

ಲೀಡ್ ಬೇರೆ ಜಾತಿ. ಲೀಡ್‌ಗೆ ಮೈ ಬೇಕು, ಆ ಮೈ ಮುಂದೆ ಇರಬೇಕು. ಹಳೇ ಇಂಗ್ಲಿಷಿನಲ್ಲಿ ಇದರ ಮೂಲ ಅರ್ಥ "ಹೋಗುವ ಹಾಗೆ ಮಾಡು", ನಡೆಸು. ಬ್ರಿಟನ್‌ನಲ್ಲಿ ನಾಯಿಗೆ ಕಟ್ಟಿ ಹಿಡಿದುಕೊಳ್ಳುವ ಹಗ್ಗವನ್ನು ಲೀಡ್ ಅಂತಲೇ ಕರೆಯುತ್ತಾರೆ. ನಾಯಿ ಯಜಮಾನನನ್ನು ಎಳೆದುಕೊಂಡು ಹೋಗುತ್ತಿದ್ದರೂ ಅದಕ್ಕೆ ಹೆಸರು ಅದೇ.

ಲೀಡ್‌ಗೂ ಸ್ಟಿಯರ್‌ಗೂ ಇರುವ ಅಂತರ ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರ ಬದುಕಿನಲ್ಲೇ ಎರಡೂ ಸಿಗುತ್ತವೆ. ಅವರು ಬೆಳೆದ ಸನ್ನಿಸೈಡ್ ಮನೆ 2021ರಿಂದ ಮ್ಯೂಸಿಯಂ ಆಗಿದೆ, ನೋಡದವರು ಒಮ್ಮೆ ನೋಡಿ. 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿ ಲಾ ಕಣಿವೆ. 11,500 ಅಡಿ ಮೀರಿದ ಎತ್ತರ. ಅಷ್ಟು ಮೇಲೆ, ಆ ಚಳಿಯಲ್ಲಿ ಟ್ಯಾಂಕ್ ಬರಬಹುದು ಅಂತ ಎದುರಾಳಿಗಳು ಎಣಿಸಿಯೇ ಇರಲಿಲ್ಲ. ಸ್ಟುವರ್ಟ್ ಟ್ಯಾಂಕುಗಳನ್ನು ಅಲ್ಲಿಗೆ ಹತ್ತಿಸಿ ದಾಳಿ ಮಾಡಿದರು. ಮೇಜರ್ ಜನರಲ್ ಹುದ್ದೆಯಲ್ಲಿದ್ದ ತಿಮ್ಮಯ್ಯನವರು ಹಿಂದೆ ಡೇರೆಯಲ್ಲಿ ಕೂರದೆ ಟ್ಯಾಂಕುಗಳ ಜೊತೆ ಮುಂದೆ ಹೋದರು. ಇದು ಲೀಡ್. ಇಲ್ಲಿ ಬೇರೆ ಯಾವ ಪದ ಹಾಕಿದರೂ ಸಪ್ಪೆ. "ತಿಮ್ಮಯ್ಯ ಗೈಡೆಡ್ ದಿ ಅಟ್ಯಾಕ್" ಅಂದರೆ ಅವರು ಎಲ್ಲೋ ಗುಡ್ಡದ ಮೇಲೆ ನಿಂತು ಬೆರಳು ತೋರಿಸಿದ ಹಾಗೆ ಕೇಳುತ್ತದೆ.

ಐದು ವರ್ಷ ಮುಂದೆ ಬನ್ನಿ. 1953, ಕೊರಿಯಾ. ಯುದ್ಧ ನಿಂತಿದೆ. ಆದರೆ ಸುಮಾರು 22 ಸಾವಿರ ಯುದ್ಧಕೈದಿಗಳು ತಮ್ಮ ದೇಶಕ್ಕೆ ವಾಪಸು ಹೋಗಲ್ಲ ಅನ್ನುತ್ತಿದ್ದಾರೆ. ಅವರನ್ನು ಏನು ಮಾಡುವುದು ಅಂತ ನೋಡಲು ತಟಸ್ಥ ರಾಷ್ಟ್ರಗಳ ಒಂದು ಆಯೋಗ ಮಾಡಿದರು. ಅದರಲ್ಲಿ ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಒಂದು ಕಡೆಯವರು ಹೆಸರಿಸಿದ ದೇಶಗಳು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಇನ್ನೊಂದು ಕಡೆಯವರು ಹೆಸರಿಸಿದವು. ನಡುವೆ ಭಾರತ, ಅಧ್ಯಕ್ಷರು ತಿಮ್ಮಯ್ಯ. ಇಲ್ಲಿ ಮುಂದೆ ನುಗ್ಗಿ "ಬನ್ನಿ ನನ್ನ ಹಿಂದೆ" ಅಂದರೆ ಯಾರು ಬರುತ್ತಾರೆ? ಒಬ್ಬರು ಎಡಕ್ಕೆ ಎಳೆದರೆ ಇನ್ನೊಬ್ಬರು ಬಲಕ್ಕೆ. ಕೈದಿಗಳದ್ದೇ ಬೇರೆ ಗಲಾಟೆ. 1954ರ ಮೊದಲ ತಿಂಗಳುಗಳ ತನಕ ಆ ಕೆಲಸವನ್ನು ಬಂಡೆಗೆ ಬಡಿಯದ ಹಾಗೆ ದಡ ಮುಟ್ಟಿಸಿದರು. ಇದಕ್ಕೆ ಲೀಡ್ ಅಂತ ಬರೆದರೆ ತಪ್ಪಲ್ಲ. ಆದರೆ ಅವರು ಮಾಡಿದ್ದು ಸ್ಟಿಯರ್. ಮನುಷ್ಯ ಅದೇ, ಧೈರ್ಯವೂ ಅದೇ, ಕೂತ ಜಾಗ ಮಾತ್ರ ಬೇರೆ.

ಸ್ಟಿಯರ್ ಅಂದರೆ ನಮಗೆ ಜೀಪಿನ ಸ್ಟೀರಿಂಗ್ ನೆನಪಾಗುತ್ತದೆ. ಪದ ಹುಟ್ಟಿದ್ದು ನೀರಿನಲ್ಲಿ. ಹಳೇ ಕಾಲದ ಉತ್ತರ ಯುರೋಪಿನ ಹಡಗುಗಳಿಗೆ ದಿಕ್ಕು ತಿರುಗಿಸುವ ದೊಡ್ಡ ಹುಟ್ಟನ್ನು ಬಲಗಡೆ ಕಟ್ಟುತ್ತಿದ್ದರು. ಹಡಗಿನ ಬಲಪಕ್ಕಕ್ಕೆ ಇವತ್ತಿಗೂ ಸ್ಟಾರ್‌ಬೋರ್ಡ್ ಅನ್ನುವುದು ಅದಕ್ಕೇ. ಅಲ್ಲಿರುವ ಸ್ಟಾರ್ ನಕ್ಷತ್ರವಲ್ಲ, ಸ್ಟಿಯರ್. ಹುಟ್ಟು ಬಲಕ್ಕಿದ್ದ ಕಾರಣ ದಕ್ಕೆಗೆ ತಾಗಿಸುವಾಗ ಎಡಪಕ್ಕ ಕೊಡುತ್ತಿದ್ದರು, ಹಾಗಾಗಿ ಎಡಗಡೆ ಪೋರ್ಟ್ ಆಯಿತು.

ನೀರಿನ ಪದ ಅಂತ ಗೊತ್ತಾದ ಮೇಲೆ ಇದರ ಗುಟ್ಟು ಬಿಡಿಸಿಕೊಳ್ಳಲು ರ‍್ಯಾಫ್ಟಿಂಗ್ ನೋಡಬೇಕು. ಮಳೆಗಾಲದಲ್ಲಿ ದಕ್ಷಿಣ ಕೊಡಗಿನ ಬರಪೊಳೆ ತುಂಬಿ ಹರಿಯುವಾಗ, ಅಥವಾ ದುಬಾರೆ ಹತ್ತಿರ ಕಾವೇರಿಯಲ್ಲಿ. ರಬ್ಬರ್ ದೋಣಿಯ ಎರಡೂ ಅಂಚಿನಲ್ಲಿ ಬೆಂಗಳೂರಿನ ಹುಡುಗ ಹುಡುಗಿಯರು ಹೆಲ್ಮೆಟ್ ಹಾಕಿಕೊಂಡು ಕೂತಿರುತ್ತಾರೆ. ಹಿಂದೆ, ತುದಿಯಲ್ಲಿ, ಒಬ್ಬ ಸಣಕಲು ಹುಡುಗ. ಅವನ ಕೆಲಸದ ಹೆಸರು ಗೈಡ್. ಮಾಡುವುದು ಸ್ಟಿಯರ್. ಮುಂದೆ ಇರುವವರಿಗೆ ಅವನು ಕಾಣುವುದೂ ಇಲ್ಲ, ದನಿ ಮಾತ್ರ ಕೇಳುತ್ತದೆ. "ಫಾರ್ವರ್ಡ್! ಫಾರ್ವರ್ಡ್! ಸ್ಟಾಪ್!" ಬಂಡೆಗಳ ನಡುವೆ ನೀರು ಬಿಳಿಯಾಗಿ ಕುದಿಯುವ ಜಾಗ ಬಂತು ಅನ್ನಿ. ಹೆದರಿದವರು ಸಹಜವಾಗಿ ಹುಟ್ಟು ಎತ್ತಿ ಹಿಡಿದುಕೊಳ್ಳುತ್ತಾರೆ. ಅವನು ಮಾತ್ರ ಆಗಲೇ ಜೋರಾಗಿ ಕೂಗುವುದು: "ಹೊಡೀರಿ ಹೊಡೀರಿ, ನಿಲ್ಲಿಸ್ಬೇಡಿ!"

ಹುಚ್ಚಾ ಇವನಿಗೆ ಅನ್ನಿಸುತ್ತದೆ. ಆದರೆ ಇದರಲ್ಲಿ ಲೆಕ್ಕ ಇದೆ. ದೋಣಿ ನೀರಿನಷ್ಟೇ ವೇಗದಲ್ಲಿ ತೇಲುತ್ತಿದ್ದರೆ ಅದರ ಪಕ್ಕದ ನೀರು ಅದರ ಲೆಕ್ಕಕ್ಕೆ ನಿಂತ ನೀರು. ಹಿಂದೆ ಹಿಡಿದ ಹುಟ್ಟಿಗೆ ತಳ್ಳಲು ಏನೂ ಸಿಗುವುದಿಲ್ಲ. ನೀರಿಗಿಂತ ಸ್ವಲ್ಪ ಜೋರಾಗಿ ಹೋದರೆ ಮಾತ್ರ ಹುಟ್ಟು ನೀರನ್ನು ಕಚ್ಚುತ್ತದೆ, ದೋಣಿ ತಿರುಗುತ್ತದೆ. ಹಡಗಿನವರು ಇದಕ್ಕೆ ಸ್ಟೀರೇಜ್ ವೇ ಅನ್ನುತ್ತಾರೆ, ಚುಕ್ಕಾಣಿ ಮಾತು ಕೇಳಬೇಕಾದರೆ ಬೇಕಾದ ಕನಿಷ್ಠ ವೇಗ. ಸ್ಟಿಯರ್ ಅನ್ನುವ ಪದದ ಒಳಗೆ ಇರುವುದು ಇದೇ. ಓಡುವ ಶಕ್ತಿ ಬೇರೆ ಎಲ್ಲಿಂದಲೋ ಬಂದಿರಬೇಕು, ನದಿಯಿಂದಲೋ, ಎಂಜಿನ್ನಿನಿಂದಲೋ, ಜನರ ಸಿಟ್ಟಿನಿಂದಲೋ. ಸ್ಟಿಯರ್ ಮಾಡುವವನು ಅದರ ದಿಕ್ಕನ್ನು ಒಂದಿಷ್ಟು ಆಚೆ ಈಚೆ ಮಾಡುತ್ತಾನೆ. ನಿಂತದ್ದನ್ನು ಸ್ಟಿಯರ್ ಮಾಡಲು ಆಗುವುದಿಲ್ಲ. ಸಂಘಸಂಸ್ಥೆಗಳಲ್ಲಿ ಸ್ಟೀರಿಂಗ್ ಕಮಿಟಿ ಅಂತ ಮಾಡಿಕೊಂಡು ಆಮೇಲೆ ಕೆಲಸವೇ ಶುರು ಆಗಿಲ್ಲ ಅಂತ ಕೊರಗುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಮಾತನ್ನು ಕೂಡ ಸ್ಟಿಯರ್ ಮಾಡುತ್ತಾರೆ. ಈ ವಿದ್ಯೆಯಲ್ಲಿ ನಮ್ಮಕ್ಕನನ್ನು ಮೀರಿಸುವವರಿಲ್ಲ. ಒಂದು ಹಬ್ಬದ ಊಟ. ಭಾವನ ಕಡೆಯ ಇಬ್ಬರು ಅಣ್ಣತಮ್ಮಂದಿರು ಎದುರುಬದುರು ಕೂತಿದ್ದಾರೆ. ಕಾಳುಮೆಣಸಿನ ರೇಟಿನಿಂದ ಶುರುವಾದ ಮಾತು ಮೆಲ್ಲಗೆ ಕೆಳಗಿನ ಗದ್ದೆ ಯಾರಿಗೆ ಸೇರಬೇಕು ಅನ್ನುವ ಕಡೆ ಇಳಿಯುತ್ತಿದೆ. ದನಿ ಸ್ವಲ್ಪ ಏರಿತು. ಅಕ್ಕ ಕಡಂಬಟ್ಟು ಬಡಿಸುತ್ತಾ, "ಗದ್ದೆ ಅಂದಾಗ ನೆನಪಾಯ್ತು ಭಾವಾ, ಆ ನಾಟಿ ಮಾಡುವ ಮೆಷಿನ್ ನಿಮ್ಮೂರಿಗೂ ಬಂದುಂಟಂತಲ್ಲ? ಗಂಟೆಗೆ ಎಷ್ಟು ತಗೊಳ್ತಾರೆ?" ಅಂತ ಕೇಳಿದಳು. ಇಬ್ಬರೂ ಮೆಷಿನ್ ಬಾಡಿಗೆ ಜಾಸ್ತಿಯಾಯ್ತು ಅಂತ ಒಂದಾಗಿ ಬೈಯತೊಡಗಿದರು. ಅವಳು ಜಗಳ ನಿಲ್ಲಿಸಲಿಲ್ಲ, ಬುದ್ಧಿ ಹೇಳಲಿಲ್ಲ. ಗದ್ದೆಯ ಮೇಲಿದ್ದ ಮಾತನ್ನು ಗದ್ದೆಯ ಮೇಲೇ ಇಟ್ಟು ಬೇರೆ ಕಡೆ ತಿರುಗಿಸಿದಳು. ಇದು ಅಪ್ಪಟ ಸ್ಟಿಯರ್. ಗೈಡ್ ಆಗಿದ್ದರೆ ಅವರಿಬ್ಬರಿಗೂ ಗೊತ್ತಾಗುತ್ತಿತ್ತು.

ಇನ್ನು ಡ್ರೈವ್. ಲೀಡ್‌ಗೆ ಸರಿಯಾಗಿ ಎದುರು ನಿಲ್ಲುವ ಪದ ಇದು. ಲೀಡ್ ಮುಂದಿನಿಂದ, ಡ್ರೈವ್ ಹಿಂದಿನಿಂದ. ಕಾರು ಬರುವ ಎಷ್ಟೋ ಶತಮಾನ ಮೊದಲೇ ಈ ಪದ ಇತ್ತು, ದನ ಅಟ್ಟುವುದಕ್ಕೆ. ನಾವೂ ಎತ್ತಿನ ಗಾಡಿ ಹೊಡೆಯುತ್ತಿದ್ದವರು ಲಾರಿ ಬಂದ ಮೇಲೆ ಲಾರಿಯನ್ನೂ ಹೊಡೆದೆವಲ್ಲ, ಹಾಗೆ. ತೋಟಕ್ಕೆ ಕಾಡಾನೆ ನುಗ್ಗಿದಾಗ ಅರಣ್ಯ ಇಲಾಖೆಯವರು ಪಟಾಕಿ ಹೊಡೆದು, ಕೂಗಿ, ಕಾಡಿನ ಕಡೆ ಅಟ್ಟುತ್ತಾರೆ. ಇಂಗ್ಲಿಷ್ ಪೇಪರಿನಲ್ಲಿ ಅದಕ್ಕೆ ಡ್ರೈವ್ ಅಂತಲೇ ಬರುತ್ತದೆ. ಅಲ್ಲಿ ಆನೆಗೆ ದಾರಿ ತೋರಿಸುವವರು ಯಾರೂ ಇರುವುದಿಲ್ಲ. ಹೋಗಬಾರದ ದಾರಿಗಳಲ್ಲಿ ಸದ್ದು ಮಾಡುತ್ತಾರೆ, ಉಳಿದ ದಾರಿಯಲ್ಲಿ ಆನೆ ಹೋಗುತ್ತದೆ.

ಆನೆ ವಿಷಯ ಬಂತಲ್ಲ, ದಸರಾ ಬಿಟ್ಟು ಹೋಗಲು ಆಗುವುದಿಲ್ಲ. ಮೈಸೂರಿನ ಜಂಬೂಸವಾರಿಗೆ ಹೋಗುವ ಆನೆಗಳಲ್ಲಿ ಕೊಡಗಿನ ಶಿಬಿರದವು ಬಹಳ ಇರುತ್ತವೆ, ದುಬಾರೆಯವು, ಮತ್ತಿಗೋಡಿನವು. ಮತ್ತಿಗೋಡಿನ ಅಭಿಮನ್ಯು 2020ರಿಂದ 750 ಕೆಜಿ ತೂಕದ ಚಿನ್ನದ ಅಂಬಾರಿ ಹೊರುತ್ತಾ ಬಂದಿದ್ದಾನೆ. ಅದಕ್ಕೂ ಮೊದಲು ಅರ್ಜುನ ಹೊರುತ್ತಿದ್ದ. ಕನ್ನಡ ಪೇಪರಿನವರು "ಕ್ಯಾಪ್ಟನ್ ಅಭಿಮನ್ಯು" ಅನ್ನುತ್ತಾರೆ, ಇಂಗ್ಲಿಷಿನವರು ಅಭಿಮನ್ಯು ಮೆರವಣಿಗೆಯನ್ನು ಲೀಡ್ ಮಾಡಿದ ಅಂತ ಬರೆಯುತ್ತಾರೆ. ನಿಜವಾಗಿ ನೋಡಿದರೆ ಮುಂದೆ ಹೋಗುವುದು ನಿಶಾನೆ ಆನೆ, ನೌಫತ್ ಆನೆ. ಆಮೇಲೆ ಕಲಾತಂಡ, ಸ್ತಬ್ಧಚಿತ್ರ. ಅಂಬಾರಿ ಬರುವುದು ಕೊನೆಗೆ. ಹಾಗಾದರೆ ಲೀಡ್ ತಪ್ಪಾ? ತಪ್ಪಲ್ಲ. ಲೀಡ್‌ನ ಒಳಗೆ ಮುಂದೆ ಇರುವುದು ಕ್ರಮೇಣ ಮೇಲೆ ಇರುವುದಾಗಿ ಬದಲಾಗಿದೆ. ನಾಯಕ ಎಲ್ಲಿದ್ದರೂ ಅದೇ ಮುಂಭಾಗ ಅನ್ನುವ ಲೆಕ್ಕ. ನನ್ನ ಜಾಗದ ಉಪಾಯ ಸ್ವಲ್ಪ ಅಲುಗಾಡುವುದು ಇಲ್ಲಿ.

ಆದರೆ ಅಭಿಮನ್ಯುವಿನ ಸುತ್ತ ಒಮ್ಮೆ ಕಣ್ಣು ಹಾಯಿಸಿದರೆ ಉಳಿದ ಪದಗಳೆಲ್ಲ ತಂತಮ್ಮ ಜಾಗದಲ್ಲೇ ನಿಂತಿವೆ. ಎಡಬಲದಲ್ಲಿ ಕುಮ್ಕಿ ಹೆಣ್ಣಾನೆಗಳು, ಅವು ಎಸ್ಕಾರ್ಟ್. ಕತ್ತಿನ ಮೇಲೆ ಕೂತ ಮಾವುತ, ಕಿವಿಯ ಹಿಂದೆ ಕಾಲ್ಬೆರಳಿಂದ ಒತ್ತಿ ದಿಕ್ಕು ಹೇಳುತ್ತಾನೆ. ಕೆಳಗೆ ಪಕ್ಕದಲ್ಲಿ ನಡೆಯುವ ಕಾವಾಡಿ, ಮಾವುತನ ಸಹಾಯಕ. ಜನರನ್ನು ಹಗ್ಗದ ಆಚೆ ತಳ್ಳುತ್ತಿರುವ ಪೊಲೀಸರು. ಮಾವುತ ಮಾಡುವುದಕ್ಕೆ ಯಾವ ಪದ ಅಂತ ಮಾತ್ರ ಕೇಳಬೇಡಿ, ಅದಕ್ಕೆ ಆಮೇಲೆ ಬರುತ್ತೇನೆ.

ಎಸ್ಕಾರ್ಟ್ ಬಗ್ಗೆ ಒಂದು ಮಾತು. ಒಬ್ಬರು ಹೋಂಸ್ಟೇ ಯಜಮಾನರು ತಾವೇ ಬರೆದು ತಂದ ಬ್ರೋಷರಿನಲ್ಲಿ, ಜಲಪಾತಕ್ಕೆ "ಎಸ್ಕಾರ್ಟ್ ಸರ್ವಿಸ್" ಉಂಟು ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. ನಾನು ಗೀಟು ಹಾಕಿದೆ. "ಯಾಕೆ, ಮಂತ್ರಿಗಳಿಗೆ ಎಸ್ಕಾರ್ಟ್ ಇರುತ್ತಲ್ವಾ?" ಅಂತ ಕೇಳಿದರು. ಇರುತ್ತೆ. ಮಂತ್ರಿಗಳಿಗಿರುವುದು ಪೊಲೀಸ್ ಜೀಪು. ಆ ಎರಡು ಪದ ಒಟ್ಟಿಗೆ ಬಂದರೆ ಬೇರೇನೋ ಅರ್ಥ ಆಗುತ್ತದೆ ಅಂತ ಮೆಲ್ಲಗೆ ಹೇಳಿದೆ. ಅವರು ಬ್ರೋಷರನ್ನು ಮಡಚಿ ಜೇಬಿಗೆ ಹಾಕಿಕೊಂಡ ವೇಗ ನೋಡಬೇಕಿತ್ತು.

ಪೈಲಟ್ ನನಗೆ ಈ ಸಾಲಿನಲ್ಲಿ ಅತ್ಯಂತ ಇಷ್ಟದ ಪದ. ವಿಮಾನ ಮರೆತುಬಿಡಿ. ವಿಮಾನಕ್ಕಿಂತ ಮೊದಲು ಪೈಲಟ್ ಇದ್ದದ್ದು ಬಂದರಿನಲ್ಲಿ, ಈಗಲೂ ಇದ್ದಾನೆ. ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋದರೆ ಪಣಂಬೂರಿನಲ್ಲಿ ನವಮಂಗಳೂರು ಬಂದರು. ಅಲ್ಲಿಗೆ ದೊಡ್ಡ ಹಡಗು ಬರುವಾಗ ಸಮುದ್ರದಲ್ಲೇ ನಿಲ್ಲುತ್ತದೆ. ದಡದಿಂದ ಸಣ್ಣ ದೋಣಿಯಲ್ಲಿ ಒಬ್ಬ ಹೋಗುತ್ತಾನೆ, ಹಗ್ಗದ ಏಣಿ ಹಿಡಿದು ಹಡಗು ಹತ್ತುತ್ತಾನೆ. ಅವನು ಪೈಲಟ್. ಸಾಗರ ದಾಟಿ ಬಂದ ಕ್ಯಾಪ್ಟನ್‌ಗೆ ಈ ಕೊನೆಯ ತುಂಡು ನೀರು ಗೊತ್ತಿಲ್ಲ. ಎಲ್ಲಿ ಆಳ, ಎಲ್ಲಿ ಮರಳು, ಅಲೆ ಯಾವ ಕಡೆ ತಳ್ಳುತ್ತದೆ ಅನ್ನುವುದು ಪೈಲಟ್‌ಗೆ ಗೊತ್ತು. ಅವನು ಹೇಳಿದ ಹಾಗೆ ಹಡಗು ಒಳಗೆ ಬರುತ್ತದೆ. ಆದರೆ ಹಡಗಿನ ಯಜಮಾನಿಕೆ ಕ್ಯಾಪ್ಟನ್‌ದೇ. ಕೆಲಸ ಮುಗಿಯಿತು, ಪೈಲಟ್ ಇಳಿದು ಹೋದ.

ಹೀಗೆ ಗೈಡ್‌ನ ತಿಳಿವಳಿಕೆ, ಸ್ಟಿಯರ್‌ನ ಕೈಚಳಕ ಎರಡೂ ಪೈಲಟ್‌ನಲ್ಲಿ ಸೇರಿವೆ. ಜೊತೆಗೆ ಒಂದು ಗಡಿಯೂ ಇದೆ: ಇಲ್ಲಿಂದ ಇಲ್ಲಿಯವರೆಗೆ, ಈ ಕಷ್ಟದ ತುಂಡಿಗೆ ಮಾತ್ರ. ಹಾಗಾಗಿ ಮಸೂದೆಯನ್ನು ಸದನದಲ್ಲಿ ಪಾಸು ಮಾಡಿಸಿದ ಸಚಿವರಿಗೂ ಪೈಲಟ್ ಅನ್ನುತ್ತಾರೆ, ಚೆನ್ನಾಗಿ ಹೊಂದುತ್ತದೆ. ನಮ್ಮಲ್ಲಿ 108 ಆಂಬ್ಯುಲೆನ್ಸ್ ಓಡಿಸುವವರನ್ನು ಡ್ರೈವರ್ ಅನ್ನದೆ ಪೈಲಟ್ ಅನ್ನುತ್ತಾರೆ. ಗೋವಾದಲ್ಲಿ ಬಾಡಿಗೆಗೆ ಬೈಕಿನಲ್ಲಿ ಕೂರಿಸಿಕೊಂಡು ಹೋಗುವವರನ್ನೂ ಪೈಲಟ್ ಅನ್ನುತ್ತಾರೆ. ಕೇಳಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಮಳೆಯಲ್ಲಿ, ಮಂಜಿನಲ್ಲಿ, ಸೋಮವಾರಪೇಟೆ ಕಡೆಯ ತಿರುವುಗಳಲ್ಲಿ ಹೆರಿಗೆ ನೋವಿನ ಹೆಂಗಸನ್ನು ಮಡಿಕೇರಿ ಆಸ್ಪತ್ರೆಗೆ ಮುಟ್ಟಿಸುವವನಿಗೆ ಪೈಲಟ್ ಅನ್ನದೆ ಇನ್ಯಾರಿಗೆ ಅನ್ನುವುದು?

ಫೋನಿನ ಮ್ಯಾಪ್ ಇದರಲ್ಲಿ ಯಾವುದು ಅಂತ ಯೋಚಿಸಿದ್ದೇನೆ. ಮಾತಿನಲ್ಲಿ ಅದು ಗೈಡ್. ಆದರೆ ಜನ ಅದನ್ನು ಪೈಲಟ್ ಅಂತ ನಂಬುತ್ತಾರೆ, ತೊಂದರೆ ಆಗುವುದು ಅಲ್ಲೇ. ದಾರಿಯ ಆಕಾರ ಅದಕ್ಕೆ ಗೊತ್ತು, ದಾರಿಯ ಗುಣ ಗೊತ್ತಿಲ್ಲ. ತೋಟದ ಜೀಪ್ ರಸ್ತೆಯೂ ಅದಕ್ಕೆ ಒಂದು ಗೆರೆ. 2024ರಲ್ಲಿ ಕೊಡಗಿನ ಒಂದು ಬೋರ್ಡಿನ ಫೋಟೊ ಎಲ್ಲರ ಮೊಬೈಲಿಗೂ ಬಂದಿತ್ತು, ನೆನಪಿದೆಯಾ? ಮ್ಯಾಪ್ ಹೇಳುವುದು ತಪ್ಪು, ಈ ರಸ್ತೆ ಆ ರೆಸಾರ್ಟಿಗೆ ಹೋಗುವುದಿಲ್ಲ ಅಂತ ಊರಿನವರೇ ಇಂಗ್ಲಿಷಿನಲ್ಲಿ ಬರೆಸಿ ನಿಲ್ಲಿಸಿದ್ದರು. ರೋಸಿಹೋಗಿರಬೇಕು ಪಾಪ. ಅಂದ ಹಾಗೆ ಇಂಗ್ಲಿಷಿನಲ್ಲಿ ರಸ್ತೆಯೂ ಲೀಡ್ ಮಾಡುತ್ತದೆ. ನಮ್ಮಲ್ಲಿ ರಸ್ತೆ ಸುಮ್ಮನೆ ಹೋಗುತ್ತದೆ. "ಈ ರಸ್ತೆ ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದರೆ "ಅದೆಲ್ಲಿಗೂ ಹೋಗಲ್ಲ, ಇಲ್ಲೇ ಬಿದ್ದಿರುತ್ತೆ, ನೀವೇ ಹೋಗ್ಬೇಕು" ಅನ್ನುವ ಹಳೇ ಜೋಕಿಗೆ ಇಂಗ್ಲಿಷಿನ ಲೀಡ್‌ನಲ್ಲಿ ಜಾಗ ಇಲ್ಲ.

ದಾರಿ ತಪ್ಪಿಸುವ ಪದಗಳಲ್ಲೂ ಇದೇ ಭೇದ ಉಂಟು. ನಮ್ಮ ಕಡೆ ಇಂಗ್ಲಿಷ್ ಬಲ್ಲವರೆಲ್ಲ "ಅವನು ನನಗೆ ಮಿಸ್‌ಗೈಡ್ ಮಾಡಿದ" ಅನ್ನುತ್ತಾರೆ. ಹೆಚ್ಚಿನ ಸಲ ಅವರು ಹೇಳಬೇಕಾದ್ದು ಮಿಸ್‌ಲೀಡ್. ಮಿಸ್‌ಲೀಡ್‌ನಲ್ಲಿ ನಿಮ್ಮನ್ನು ಸುಳ್ಳಿನ ಕಡೆ ಕರೆದುಕೊಂಡು ಹೋದ ಒಬ್ಬ ಇದ್ದಾನೆ, ಜಾಹೀರಾತು ಇರಬಹುದು, ಬ್ರೋಕರ್ ಇರಬಹುದು. ಮಿಸ್‌ಗೈಡೆಡ್ ಅನ್ನುವುದು ಬಹಳ ಸಲ ಕೆಟ್ಟ ಉದ್ದೇಶ ಇಲ್ಲದೆ, ತಪ್ಪು ತಿಳಿವಳಿಕೆ ಇಟ್ಟುಕೊಂಡು ಹೊರಟವನಿಗೆ. ಅಲ್ಲಿ ಸ್ವಲ್ಪ ಕರುಣೆ ಇದೆ.

ಕೋರ್ಟಿನವರು ಈ ವಿಷಯದಲ್ಲಿ ಎಲ್ಲರಿಗಿಂತ ಸೂಕ್ಷ್ಮ. 1872ರ ಸಾಕ್ಷ್ಯ ಕಾಯ್ದೆಯ 141ನೇ ಸೆಕ್ಷನ್ ಲೀಡಿಂಗ್ ಕ್ವೆಶ್ಚನ್ ಅಂದರೇನು ಅಂತ ಹೇಳಿತ್ತು: ಕೇಳುವವನು ಯಾವ ಉತ್ತರ ಬಯಸುತ್ತಾನೋ ಅದನ್ನೇ ಸೂಚಿಸುವ ಪ್ರಶ್ನೆ. ಈಗ ಕಾಯ್ದೆಯ ಹೆಸರು ಬದಲಾಗಿದೆ, ವಿಚಾರ ಹಾಗೇ ಇದೆ. "ಆ ದಿನ ಗೇಟಿನ ಹತ್ತಿರ ಯಾರಿದ್ದರು?" ಅಂತ ಕೇಳಿದರೆ ಸಾಕ್ಷಿ ತಾನೇ ನಡೆಯುತ್ತಾನೆ. "ಗೇಟಿನ ಹತ್ತಿರ ಇವನೇ ಇದ್ದನಲ್ವಾ?" ಅಂದರೆ ಮೂಗುದಾರ ಬಿದ್ದ ಹಾಗೆ. ತನ್ನ ಕಡೆಯ ಸಾಕ್ಷಿಯನ್ನು ಹೀಗೆ ಕೇಳಿದರೆ ಎದುರು ವಕೀಲರು ಎದ್ದು ನಿಲ್ಲುತ್ತಾರೆ. ಪಾಟಿಸವಾಲಿನಲ್ಲಿ ಮಾತ್ರ ಹೀಗೆ ಕೇಳಬಹುದು, ಏಕೆಂದರೆ ಎದುರು ಕಡೆಯ ಸಾಕ್ಷಿ ನಿಮ್ಮ ಹಿಂದೆ ಸುಮ್ಮನೆ ಬರುವವನಲ್ಲ. ನಾವು ಮನೆಯಲ್ಲಿ ಮಕ್ಕಳನ್ನು ಕೇಳುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಇಂಥವೇ. "ಹೋಮ್‌ವರ್ಕ್ ಮುಗೀತಲ್ವಾ?"

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಷರ್ ಬಾಗಿಲಿನ ಪದ, ಮೂಲ ಲ್ಯಾಟಿನ್‌ನಲ್ಲಿ ಬಾಗಿಲು ಕಾಯುವವನು. ಒಳಗೆ ಬಿಟ್ಟು ಕೂರಿಸುವ ತನಕ ಅವನ ಕೆಲಸ. ಕಂಡಕ್ಟ್‌ನಲ್ಲಿ ಜೊತೆಯಲ್ಲಿ ನಡೆಸುವ ಅರ್ಥ ಇದೆ. ನಮ್ಮ ಬಸ್ಸಿನ ಕಂಡಕ್ಟರ್ "ರೈಟ್ ರೈಟ್" ಅನ್ನದೆ ಬಸ್ಸು ಹೊರಡುವುದಿಲ್ಲ, ಆದರೆ ಸ್ಟೀರಿಂಗ್ ಅವನ ಕೈಯಲ್ಲಿಲ್ಲ. ಎಂಜಿನಿಯರ್ ಅನ್ನುವುದನ್ನು ಕ್ರಿಯಾಪದ ಮಾಡಿದರೆ ಸ್ವಲ್ಪ ಕಳ್ಳತನದ ವಾಸನೆ ಬರುತ್ತದೆ. ಸೊಸೈಟಿ ಚುನಾವಣೆಯಲ್ಲಿ ಯಾರನ್ನೋ ಗೆಲ್ಲಿಸಿದವರು ಫೋಟೊದಲ್ಲಿ ಇರುವುದಿಲ್ಲವಲ್ಲ, ಅದು. ಇನ್ನು ಗವರ್ನ್. ಇದೂ ದೋಣಿಯ ಪದವೇ ಅಂದರೆ ನಂಬುವುದು ಕಷ್ಟ. ಗ್ರೀಕಿನಲ್ಲಿ ಹಡಗು ತಿರುಗಿಸುವುದಕ್ಕೆ ಇದ್ದ ಮಾತು ಲ್ಯಾಟಿನ್ ದಾಟಿ ಗವರ್ನರ್ ಆಯಿತು. ಅದೇ ಗ್ರೀಕ್ ಮಾತಿನಿಂದ 1948ರಲ್ಲಿ ನಾರ್ಬರ್ಟ್ ವೀನರ್ ತಮ್ಮ ಹೊಸ ಶಾಸ್ತ್ರಕ್ಕೆ ಸೈಬರ್ನೆಟಿಕ್ಸ್ ಅಂತ ಹೆಸರಿಟ್ಟರು. ಈಗಿನ ಸೈಬರ್ ಪೊಲೀಸ್ ಠಾಣೆಯ ಬೋರ್ಡಿನಲ್ಲಿ ಇರುವುದೂ ಆ ಅಂಬಿಗನೇ. "ರಾಜ್ಯದ ಚುಕ್ಕಾಣಿ ಹಿಡಿದರು" ಅಂತ ನಮ್ಮ ಪೇಪರಿನವರು ಬರೆಯುವಾಗ ಗ್ರೀಕರು ಹೇಳಿದ್ದನ್ನೇ ಹೇಳುತ್ತಿರುತ್ತಾರೆ.

ಅಕ್ಕನ ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಇವೇ ಪದಗಳು ಬರುತ್ತವೆ, ಹಾಗಾಗಿ ಮಾವನ ಪಾಠ ಸಹಿಸಿಕೊಳ್ಳುತ್ತಾಳೆ. ಮುಂದೆ, ಹಿಂದೆ, ಪಕ್ಕದಲ್ಲಿ ಅಂತ ನಾನು ಹೇಳಿಕೊಟ್ಟದ್ದನ್ನು ಬೇಗ ಹಿಡಿದಳು. ಮೊನ್ನೆ ಪುಸ್ತಕ ಎತ್ತಿಕೊಂಡು ಬಂದಳು. ಮಾವುತ ಆನೆಯನ್ನು ಜನರ ನಡುವೆ ಏನೋ ಮಾಡಿದ ಅಂತ ವಾಕ್ಯ, ಆಯ್ಕೆಗಳು ಗೈಡೆಡ್, ಲೆಡ್, ಡ್ರೋವ್.

"ಇದಕ್ಕೆ ಹೇಗೆ ಉತ್ತರ ಬರೆಯೋದು ಮಾವ? ಮಾವುತ ಎಲ್ಲಿದ್ದಾನೆ ಅಂತಲೇ ಹೇಳಿಲ್ಲ. ಸೊಂಡಿಲು ಹಿಡ್ಕೊಂಡು ಮುಂದೆ ನಡೀತಿದ್ರೆ ಲೆಡ್. ಹಿಂದಿನಿಂದ ಅಟ್ತಿದ್ರೆ ಡ್ರೋವ್. ಮೇಲೆ ಕೂತಿದ್ರೆ..."

"ಮೇಲೆ ಕೂತಿದ್ರೆ ಸ್ಟಿಯರ್ಡ್," ಅಂದೆ ನಾನು.

"ಆನೆಗೆ ಬುದ್ಧಿ ಇಲ್ವಾ? ಅದಕ್ಕೆ ಬೇಡ ಅನ್ನಿಸಿದ್ರೆ ನಿಂತುಬಿಡುತ್ತೆ. ಬೇಡ ಅನ್ನೋಕೆ ಆಗೋದಾದ್ರೆ ಗೈಡ್ ಅಂತ ನೀವೇ ಹೇಳಿದ್ರಿ."

ಅಂಕುಶ ಇರುವಾಗ ಆನೆಗೆ ಬೇಡ ಅನ್ನುವ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಇದೆ ಅಂತ ನಾನು ಶುರು ಮಾಡಿದೆ. ಅವಳು ಅಷ್ಟರಲ್ಲಿ ಗೈಡೆಡ್‌ಗೆ ಟಿಕ್ ಹಾಕಿ, ಒಂದು ಮಾರ್ಕಿನ ಪ್ರಶ್ನೆಗೆ ಮತ್ತಿಗೋಡಿಗೆ ಹೋಗಿ ಕೇಳಿ ಬರೋಕಾಗಲ್ಲ ಅಂತ ಪುಟ ತಿರುಗಿಸಿದಳು. ಹಿಂದಿನ ಪುಟದ ಕೀ ಉತ್ತರ ನೋಡಿದೆ. ಅವಳದ್ದೇ ಸರಿ ಇತ್ತು. ನಾನಿನ್ನೂ ಒಪ್ಪಿಲ್ಲ.